ಬಾಗಿಲ ಬಳಿ ಕೂತವಳ ಮೊದಲ ಸೊಲ್ಲು

ಆಯಿಯ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಹರೆಯದಲ್ಲಿ ತೊಟ್ಟ ಭಾರದ ಬೆಂಡೋಲೆ ತೂತನ್ನು ಎಳೆದೂ ಎಳೆದೂ ಉದ್ದ ಮಾಡಿ, ಒಂದು ದಿನ ಹತ್ತಿ ಬಿಡಿಸುವಾಗ ಗಿಡದ ಕಡ್ಡಿಗೆ ಸಿಕ್ಕಿ ಹರಿದೇ ಹೋಯಿತಂತೆ. ಹಾಡು ಶುರು ಮಾಡುವ ಮೊದಲು ಆ ಎರಡು ಸೀಳನ್ನೂ ಹೆಬ್ಬೆರಳು ತೋರುಬೆರಳಿನಲ್ಲಿ ಸೇರಿಸಿ ಹಿಡಿಯುತ್ತಿದ್ದಳು. ಹಿಡಿಯದೆ ದನಿ ಹೊರಡುತ್ತಿರಲಿಲ್ಲ. ಕೈಗೆ ರೊಟ್ಟಿಯ ಹಿಟ್ಟು ಮೆತ್ತಿದ್ದರೆ ಹಾಡೇ ಇಲ್ಲ. ಯಾಕೆ ಹಾಗೆ ಹಿಡಿಯುತ್ತೀ ಎಂದು ಒಮ್ಮೆ ಕೇಳಿದ್ದಕ್ಕೆ, "ಹರಿದ ಚೀಲಬೇ ಇದು, ಹಿಡ್ಕೊಳ್ಳದಿದ್ರ ಪದ ಎಲ್ಲಾ ಸೋರಿ ಹೋಗ್ತದ" ಎಂದು ನಕ್ಕಿದ್ದಳು.

ಅವಳು ನನಗೆ ನೆಂಟಳಲ್ಲ. ರಾಯಚೂರಿನ ಮಡ್ಡಿಪೇಟೆಯಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಎದುರು ಮನೆಯವಳು. ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಅಂದೆ. ಲಗ್ನ, ಬಸುರಿಯ ಕುಬಸ, ತೊಟ್ಟಿಲು ಇದ್ದ ಮನೆಗಳಿಂದ ಸೋಬಾನ ಪದ ಹಾಡಲು ಅವಳ ಮೇಳಕ್ಕೆ ಕರೆ ಬರುತ್ತಿತ್ತು. ಮೇಳವೆಂದರೆ ಇವಳು, ತಾಳ ಬಾರಿಸುವ ಒಬ್ಬ ಚಿಗವ್ವ, ದನಿಗೂಡಿಸುವ ಇನ್ನಿಬ್ಬರು. ನಾಲ್ಕು ಜನರೂ ಒಂದೇ ಆಟೋದಲ್ಲಿ ಹಿಡಿಯುತ್ತಿದ್ದರು.

ಕುರ್ಡಿಯಲ್ಲಿ ನಮ್ಮದು ಕುರಿ ಸಾಕುವ ಮನೆತನ. ಅಪ್ಪನಿಗೂ ದೊಡ್ಡಪ್ಪನಿಗೂ ಕೂಡಿ ಒಂದೇ ಹಿಂಡು. ಪಿಯುಸಿ ಮುಗಿಸಿ ನಾನು ಸಂಗೀತದ ಟೀಚರಾಗುತ್ತೇನೆ ಎಂದು ಹಟ ಹಿಡಿದಾಗ ಅಪ್ಪ ಎರಡು ಟಗರು ಮಾರಿ ಮೊದಲ ವರ್ಷದ ಫೀಸು ಕಟ್ಟಿದ. ಎರಡನೆಯ ವರ್ಷಕ್ಕೆ ಮತ್ತೆ ಟಗರಿನ ಮಾತು ಬಂತು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತವನು ಎದ್ದೇ ನಿಂತ. "ಹಾಡು ಕಲ್ಯಾಕ ಕುರಿ ಮಾರೋ ಮಂದಿನ ನಾ ಎಲ್ಲೀ ನೋಡಿಲ್ಲ. ನಾಳಿ ಕುಣ್ಯಾಕ ಕಲಿತೀನಿ ಅಂದ್ರ ಹಟ್ಟೀನ ಮಾರ್ತಿಯೇನು?" ಅಪ್ಪ ತಲೆ ಎತ್ತಲಿಲ್ಲ. ನನಗೆ ಸಿಟ್ಟು ಬಂದದ್ದು ದೊಡ್ಡಪ್ಪನ ಮೇಲಲ್ಲ, ತಲೆ ಎತ್ತದ ಅಪ್ಪನ ಮೇಲೆ. ಇನ್ನು ನಿಮ್ಮ ಕುರಿ ನನಗೆ ಬೇಡ ಎಂದು ಹೇಳಿ ಮಾನವಿಯ ಬಸ್ಸು ಹತ್ತಿ, ಅಲ್ಲಿಂದ ರಾಯಚೂರಿನ ಕೋಣೆಗೆ ತಿರುಗಿ ಬಂದುಬಿಟ್ಟೆ. ಬಾಯಿ ದೊಡ್ಡದಿತ್ತು, ಕೈಯಲ್ಲಿ ಏನೂ ಇರಲಿಲ್ಲ.

ನಾನು ಸೇರಿದ್ದು ಒಂದು ಸಣ್ಣ ಖಾಸಗಿ ಸಂಗೀತ ಶಾಲೆ. ಎರಡು ವರ್ಷ ಹಾಡುಗಾರಿಕೆ, ಜೊತೆಗೆ ಮಕ್ಕಳಿಗೆ ಹಾಡು ಕಲಿಸುವ ತರಬೇತಿ. ಮುಂಜಾನೆ ಅಲ್ಲಿ ಪಾಠ, ಮಧ್ಯಾಹ್ನ ತೀನ್ ಕಂದೀಲ್ ಹತ್ತಿರದ ಸೀರೆಯಂಗಡಿಯಲ್ಲಿ ಗಿರಾಕಿಗಳು ಬಿಡಿಸಿ ಹಾಕಿದ ಸೀರೆ ಮಡಿಚುವ ಕೆಲಸ. ಅಂಗಡಿಯ ಸಂಬಳ ಕೋಣೆಯ ಬಾಡಿಗೆಗೂ ಒಂದು ಹೊತ್ತಿನ ಊಟಕ್ಕೂ ಸರಿಹೋಗುತ್ತಿತ್ತು. ಇನ್ನೊಂದು ಹೊತ್ತು ಮಂಡಾಳ ಒಗ್ಗರಣಿ, ಅಂದರೆ ನೆನೆಸಿದ ಮಂಡಕ್ಕಿ. ಹಾರ್ಮೋನಿಯಂ ಕೊಳ್ಳುವ ಮಾತೇ ಇಲ್ಲ. ಮೊಬೈಲಿನಲ್ಲಿ ತಂಬೂರಿ ನುಡಿಸುವ ಆ್ಯಪ್ ಒಂದಿತ್ತು, ಅದನ್ನು ಹಚ್ಚಿ ಸ್ಟೀಲಿನ ಡಬರಿಯೊಳಗೆ ಇಡುತ್ತಿದ್ದೆ. ಡಬರಿಯೊಳಗಿಂದ ಶ್ರುತಿ ಜೋರಾಗಿ ಕೇಳುತ್ತಿತ್ತು. ನಸುಕಿನಲ್ಲಿ ಎದ್ದು ಅದರ ಮುಂದೆ ಕೂತು ಸಾ ಹಚ್ಚುತ್ತಿದ್ದೆ.

ಒಂದು ಬೆಳಿಗ್ಗೆ ಆಯಿ ಕಸಬರಿಗೆ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದಳು.

"ಯವ್ವಾ, ದಿನಾ ಅದೇನು ಜೇನ್ಹುಳದಂಗ ಗುಂಯ್ ಅನ್ನಾಕತ್ತದ?"

"ತಂಬೂರಿ ಆಯಿ. ಮೊಬೈಲಿನ್ಯಾಗ."

ಅವಳು ಡಬರಿಯೊಳಗೆ ಇಣುಕಿ ನೋಡಿದಳು. "ಇದರ ಮುಂದ ನೀ ಒಬ್ಬಾಕಿ ಹಾಡಾಕತ್ತೀದಿ. ಯಾರಿಗೆ?"

"ಯಾರಿಗೂ ಇಲ್ಲ. ಕಲ್ಯಾಕತ್ತೀನಿ."

"ಕೇಳಾವ್ರಿಲ್ಲದ ಹಾಡಿದ್ರ ಅದು ಗಂಟಲಾ ತೊಳ್ಕೊಂಡಂಗ" ಎಂದು ಹೇಳಿ ಕಸ ಹೊಡೆಯಲು ಹೋದಳು. ಮೈಯೆಲ್ಲ ಉರಿದುಹೋಯಿತು. ಮರುದಿನ ಬೇಕಂತಲೇ ಬಾಗಿಲು ತೆರೆದಿಟ್ಟು ಹಾಡಿದೆ. ಎದುರಿನ ಹೊಸ್ತಿಲ ಮೇಲೆ ಆಯಿ ಅಕ್ಕಿ ಆರಿಸುತ್ತ ಕೂತಿದ್ದಳು. ಹಾಡು ಮುಗಿಯುವವರೆಗೂ ಕೂತಿದ್ದಳು.

ಅವಳಿಗೆ ನನ್ನಿಂದ ಒಂದು ಕೆಲಸ ಬೇಕಿತ್ತು, ಅದು ನನಗೆ ಆಮೇಲೆ ತಿಳಿಯಿತು. ಆಯಿಯ ಗಂಡ ಸತ್ತು ಬಹಳ ವರ್ಷವಾಗಿತ್ತು. ಅರಿಶಿಣದ ಮನೆಯಲ್ಲಿ ಗಂಡ ಸತ್ತವಳ ಬಾಯಿಂದ ಪದದ ಮೊದಲ ಸೊಲ್ಲು ಬರಬಾರದು ಎಂಬುದು ರೂಢಿ. ಮುತ್ತೈದೆಯೋ ಲಗ್ನವಾಗದ ಹುಡುಗಿಯೋ ಮೊದಲ ಸೊಲ್ಲು ಎತ್ತಬೇಕು, ಆಮೇಲೆ ಇವಳು ಹಿಂದಿನಿಂದ ಸೇರಿಕೊಳ್ಳಬಹುದು. ಹಂದರದ ನಡುವೆಯೂ ಕೂಡುವಂತಿಲ್ಲ. ಅವಳ ಜಾಗ ಬಾಗಿಲ ಬಳಿ, ಕದದ ಮರೆಯಲ್ಲಿ. ನೂರಾರು ಪದ ಬಲ್ಲವಳು ಕದದ ಹಿಂದೆ ಕೂತಿರುತ್ತಿದ್ದಳು, ಎರಡು ಪದವೂ ಬಾರದವರು ಮುಂದೆ ಕೂತು ಫೋಟೋಕ್ಕೆ ಮುಖ ಕೊಡುತ್ತಿದ್ದರು. ಇಷ್ಟು ವರ್ಷ ಮೊದಲ ಸೊಲ್ಲು ಎತ್ತುತ್ತಿದ್ದ ಅವಳ ನಾದಿನಿ ತೀರಿಕೊಂಡ ಮೇಲೆ ಮೇಳ ನಿಂತುಹೋಗುವ ಹಾಗಾಗಿತ್ತು.

"ನೀ ಮುಂದ ಕುಂತು ಎತ್ತು. ನಾ ಹಿಂದಿಂದ ಹಿಡೀತೀನಿ. ಬಂದದ್ದರಾಗ ನಿನಗೂ ಒಂದು ಪಾಲು" ಎಂದಳು. ಎರಡನೆಯ ವರ್ಷದ ಫೀಸಿನ ಮೊದಲ ಕಂತಿಗೆ ಶಾಲೆಯ ಗುಮಾಸ್ತ ದಿನಾ ನನ್ನ ಮುಖ ನೋಡುತ್ತಿದ್ದ ಕಾಲ ಅದು. ಒಪ್ಪಿಕೊಂಡೆ.

ಒಪ್ಪಿದ ದಿನದಿಂದ ಹೊಸ ಭಯ ಹುಟ್ಟಿತು. ನಮ್ಮ ಗುರುಗಳು ಕಟ್ಟುನಿಟ್ಟಿನವರು. ಸೋಬಾನ, ಭಜನೆ, ಆರ್ಕೆಸ್ಟ್ರಾ ಎಂದು ಹಾಡಿಕೊಂಡು ಬಂದ ಗಂಟಲು ತಮ್ಮ ಶಾಲೆಯೊಳಗೆ ಬರಬಾರದು ಎಂದು ಮೊದಲ ದಿನವೇ ಹೇಳಿದ್ದರು. ಹಿಂದೆ ಒಬ್ಬ ಹುಡುಗನನ್ನು ಅದೇ ಕಾರಣಕ್ಕೆ ಹೊರಗೆ ಹಾಕಿದ್ದರಂತೆ. ಹಾಗಾಗಿ ಲಗ್ನದ ಮನೆಯಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ ನಾನು ಸೆರಗಿನಿಂದ ಮುಖ ಮರೆ ಮಾಡಿಕೊಳ್ಳುತ್ತಿದ್ದೆ. ಮರುದಿನ ಪಾಠಕ್ಕೆ ಹೋಗುವಾಗ ಕೈಗೆ ಹತ್ತಿದ ಅರಿಶಿಣ ಹೋಗುವವರೆಗೂ ಕಲ್ಲಿಗೆ ತಿಕ್ಕುತ್ತಿದ್ದೆ. ಒಮ್ಮೆ ಗುರುಗಳು "ದನಿ ಯಾಕೆ ಕೂತಿದೆ?" ಎಂದು ಕೇಳಿದಾಗ ನೆಗಡಿ ಎಂದೆ. ರಾಯಚೂರಿನ ಬೇಸಿಗೆಯಲ್ಲಿ ನೆಗಡಿ! ಅವರು ನಂಬಿದರೋ ಇಲ್ಲವೋ, ಮುಂದೆ ಕೇಳಲಿಲ್ಲ.

ಆಯಿಯ ಪಾಠ ಬೇರೆ ಥರದ್ದು. ಮೊದಲ ಲಗ್ನದಲ್ಲಿ ನಾನು ಶಾಲೆಯಲ್ಲಿ ಕಲಿತ ಹಾಗೆ, ಹಾರ್ಮೋನಿಯಂ ಕೀಲಿಗಳ ಸಾಲಿನ ನಾಲ್ಕನೆಯ ಕರಿ ಮನೆಯ ಎತ್ತರಕ್ಕೆ ಗಂಟಲು ಕೂಡಿಸಿಕೊಂಡು ಠೀವಿಯಿಂದ ಸೊಲ್ಲು ಎತ್ತಿದೆ. ಎರಡನೆಯ ಸಾಲಿಗೆ ಹಂದರದ ಹೆಂಗಸರ ಅರ್ಧ ದನಿ ಬಿದ್ದುಹೋಯಿತು, ಮೂರನೆಯದಕ್ಕೆ ನಾನೊಬ್ಬಳೇ ಉಳಿದೆ. ಚೆಂದ ಹಾಡಿದೆನೆಂದು ಖುಷಿಯಲ್ಲಿದ್ದೆ. ಹಿಂತಿರುಗುವಾಗ ಆಟೋದಲ್ಲಿ ಆಯಿ ನನ್ನ ತೊಡೆ ಚಿವುಟಿದಳು.

"ಪದ ಎತ್ತಾಕಿ ತನ್ನ ಗಂಟಲಾ ನೋಡಬಾರದು. ಕಡೀಗೆ ಕುಂತಾಕಿ ಗಂಟಲಾ ನೋಡಬೇಕು. ಬಾಗಲದಾಗ ಒಬ್ಬಾಕಿ ಮುದುಕಿ ಕುಂತಿರ್ತಾಳ, ಕೂಸಿಗೆ ಹಾಲು ಕುಡಸ್ಕೋತ ಒಬ್ಬಾಕಿ ಕುಂತಿರ್ತಾಳ. ಆಕಿ ಮುಟ್ಟಬೇಕು ನಿನ್ನ ಸೊಲ್ಲ. ಆಕಿ ಮುಟ್ಟಿದ್ಲಂದ್ರ ಎಲ್ಲಾರೂ ಮುಟ್ಟತಾರ."

"ಅದು ಹೆಂಗ ಗೊತ್ತಾಗಬೇಕು ಆಯಿ?"

"ಎತ್ತೋಕಿಂತ ಮೊದಲ ಆಕಿ ಜೋಡಿ ಒಂದು ಮಾತಾಡು. ನೀರು ಕುಡಿದೀಯೇನಬೇ ಅಂತ ಕೇಳು. ಆಕಿ ಹೂಂ ಅಂತಾಳಲ್ಲ, ಆ ಹೂಂ ಹಿಡಿ."

ಆಮೇಲೆ ನಾನು ಹಾಗೇ ಮಾಡತೊಡಗಿದೆ. ಹಂದರದೊಳಗೆ ಹೋದ ಕೂಡಲೇ ಕೊನೆಗೆ ಕೂತವಳ ಹತ್ತಿರ ಹೋಗಿ ಏನಾದರೂ ಮಾತಾಡಿಸುವುದು, ಅವಳ ದನಿ ಎಲ್ಲಿ ನಿಂತಿದೆಯೋ ಅಲ್ಲಿಂದ ಪದ ಎತ್ತುವುದು. ಇಪ್ಪತ್ತು ಮೂವತ್ತು ಹೆಂಗಸರು ಒಟ್ಟಿಗೆ ಹಾಡಿದಾಗ ಮೈ ಜುಂ ಎನ್ನುತ್ತಿತ್ತು. ಹೊರಗೆ ಡಿಜೆಯವರು ಡಬ್ಬ ಜೋಡಿಸುತ್ತಿದ್ದರೂ ಒಳಗಿನ ಪದ ನಿಲ್ಲುತ್ತಿರಲಿಲ್ಲ.

ಆಯಿಗೆ ಸೊಕ್ಕೂ ಇತ್ತು. ಪದ ಮುಗಿಯುವವರೆಗೆ ಲಗ್ನದ ಮನೆಯ ಅನ್ನ ಮುಟ್ಟುತ್ತಿರಲಿಲ್ಲ. ಸೆರಗಿನ ಗಂಟಿನಲ್ಲಿ ಬೆಲ್ಲ ಮೆಣಸು ಇಟ್ಟುಕೊಂಡಿರುತ್ತಿದ್ದಳು, ಅದೇ ಅವಳ ಊಟ, ಅದೇ ಔಷಧ. ವಿಡಿಯೋದವನು "ಆಯಿ, ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಹಾಡ್ರಿ" ಎಂದರೆ, "ಅಕ್ಷತಿ ಎರಡ ಸಲ ಬೀಳ್ತದೇನಪಾ?" ಎಂದು ಮುಖ ತಿರುಗಿಸಿಬಿಡುತ್ತಿದ್ದಳು. ವೀಳ್ಯದ ವಿಷಯದಲ್ಲಂತೂ ಇನ್ನೂ ಕಟ್ಟುನಿಟ್ಟು. ಕರೆಯಲು ಬಂದವರು ಎಲೆ, ಅಡಿಕೆ ಮೊದಲ ಸೊಲ್ಲು ಎತ್ತುವವಳ ಕೈಗೆ ಕೊಡಬೇಕು. ಕೈಯಲ್ಲಿ ಹಿಡಿದರೆ ಮುಗಿಯಿತು, ಮನೆಯಲ್ಲಿ ಹೆಣ ಬಿದ್ದರೂ ಹೋಗಲೇಬೇಕು. ತನ್ನ ಮೇಳ ಒಮ್ಮೆಯೂ ಹಿಡಿದ ವೀಳ್ಯ ಬಿಟ್ಟಿಲ್ಲ ಎಂದು ಓಣಿಗೆಲ್ಲ ಹೇಳಿಕೊಂಡಿದ್ದಳು.

ಎರಡನೆಯ ವರ್ಷದ ಕೊನೆಗೆ ಪರೀಕ್ಷೆಯ ಫೀಸು ಕಟ್ಟುವ ಕಾಲ ಬಂತು. ನಾಳೆ ಸಂಜೆ ಐದರೊಳಗೆ ಕಟ್ಟದಿದ್ದರೆ ಹೆಸರು ಕಳಿಸುವುದಿಲ್ಲ ಎಂದು ಗುಮಾಸ್ತ ಹೇಳಿದ. ಸೀರೆಯಂಗಡಿಯ ಮಾಲಕರನ್ನು ಮುಂಗಡ ಕೇಳಿದೆ, ಅವರು ಹಬ್ಬ ಹೋದ ಮೇಲೆ ನೋಡೋಣ ಎಂದರು. ಅಪ್ಪನಿಗೆ ಫೋನ್ ಹಚ್ಚಿ, ಅವನು ಎತ್ತುವ ಮೊದಲೇ ಕಟ್ ಮಾಡಿದೆ. ಮರುದಿನ ಬೆಳಿಗ್ಗೆ ದೇವದುರ್ಗ ತಾಲ್ಲೂಕಿನ ಗಬ್ಬೂರಿನಿಂದ ದೊಡ್ಡ ಮನೆಯವರೊಬ್ಬರು ಆಯಿಯ ಮನೆಗೆ ಬಂದರು. ಮಗಳ ಲಗ್ನ, ಅರಿಶಿಣ, ಸುರಗಿಯ ಎಣ್ಣೆ-ನೀರು ಎಲ್ಲ ಇತ್ತು. ವೀಳ್ಯ ನನ್ನ ಕೈಗೆ ಕೊಟ್ಟರು, ಮುಂಗಡವನ್ನೂ ಕೊಟ್ಟರು. ಅವರು ಹೋದ ಮೇಲೆ ನನ್ನ ಪಾಲು ತೆಗೆದುಕೊಂಡು ನಿಂತೆ. ಅದು ಫೀಸಿಗೆ ಸಾಲುತ್ತಿರಲಿಲ್ಲ. ಆಯಿ ನನ್ನ ಮುಖ ನೋಡಿದಳು, ಚಿಗವ್ವನ ಮುಖ ನೋಡಿದಳು. ಚಿಗವ್ವ ಗೋಡೆ ಕಡೆ ತಿರುಗಿ ಹೂಂ ಎಂದಳು. ಎಲ್ಲರ ಪಾಲನ್ನೂ ಆಯಿ ನನ್ನ ಸೆರಗಿಗೆ ಹಾಕಿದಳು. "ಹೋಗು ಮೊದಲ. ಲಗ್ನ ಆದ ಮ್ಯಾಲ ನೋಡಿದ್ರಾತು." ಗುಮಾಸ್ತ ಕಿಟಕಿ ಮುಚ್ಚುವ ಹೊತ್ತಿಗೆ ಓಡಿ ಹೋಗಿ ಕಟ್ಟಿದೆ.

ಹತ್ತು ದಿನ ಕಳೆದ ಮೇಲೆ ಶಾಲೆಯ ವಾಟ್ಸಾಪ್ ಗುಂಪಿಗೆ ಪರೀಕ್ಷೆಯ ವೇಳಾಪಟ್ಟಿ ಬಂತು. ಮೊದಲು ಹೇಳಿದ ದಿನ ಬದಲಾಗಿತ್ತು. ಹಾಡುಗಾರಿಕೆ ಮತ್ತು ಪಾಠ ಮಾಡುವ ಪರೀಕ್ಷೆ ಎರಡೂ ಒಂದೇ ದಿನ, ಬೆಳಿಗ್ಗೆ ಹತ್ತಕ್ಕೆ. ಗಬ್ಬೂರಿನ ಅರಿಶಿಣವೂ ಅದೇ ದಿನ, ಅದೇ ಹೊತ್ತು. ಅಂಗಡಿಯಲ್ಲಿ ಸೀರೆಗಳ ಗುಡ್ಡೆಯ ಮುಂದೆ ಕೂತು ಅದನ್ನು ಮೂರು ಸಲ ಓದಿದೆ. 

ಮುಂಗಡ ತಿರುಗಿ ಕೊಡೋಣವೆಂದರೆ ಅದು ಫೀಸಾಗಿ ಹೋಗಿತ್ತು. ಪರೀಕ್ಷೆ ಬಿಡೋಣವೆಂದರೆ ಮುಂದಿನ ಪರೀಕ್ಷೆಗೆ ಇನ್ನೊಂದು ವರ್ಷ, ಇನ್ನೊಂದು ಫೀಸು, ಇನ್ನೊಂದು ವರ್ಷದ ಬಾಡಿಗೆ. ಅಷ್ಟು ನನ್ನಿಂದಾಗುವುದಿಲ್ಲ ಎಂಬುದು ಗೊತ್ತಿತ್ತು. ಪರೀಕ್ಷೆ ಬಿಟ್ಟರೆ ಟೀಚರ್ ಎಂಬ ಮಾತೇ ಬಿಟ್ಟಂತೆ, ಕುರ್ಡಿಗೆ ಹೋಗಿ ದೊಡ್ಡಪ್ಪನ ಮುಂದೆ ನಿಲ್ಲಬೇಕು. ಲಗ್ನ ಬಿಟ್ಟರೆ ಆಯಿಯ ಮೇಳದ ಹೆಸರು ಹೋಗುತ್ತದೆ. ಎರಡು ದಿನ ಯಾರಿಗೂ ಹೇಳಲಿಲ್ಲ. ಹಾಡಲೂ ಇಲ್ಲ. ಪೆಟ್ಟಿಗೆಯೊಳಗೆ ಕರವಸ್ತ್ರದಲ್ಲಿ ಸುತ್ತಿಟ್ಟ ವೀಳ್ಯದೆಲೆ ಒಣಗಿ ಗರಿಗರಿಯಾಗಿತ್ತು. ಗಳಿಗೆಗೊಮ್ಮೆ ತೆಗೆದು ನೋಡಿ ಮತ್ತೆ ಇಡುತ್ತಿದ್ದೆ.

ಮೂರನೆಯ ಬೆಳಿಗ್ಗೆ ಆಯಿ ಬಂದಳು. ಒಳಗೆ ಬಂದವಳೇ ಬೋರಲು ಹಾಕಿದ ಡಬರಿಯನ್ನು ನೋಡಿದಳು.

"ಎರಡ ದಿನ ಆತು, ನಿನ್ನ ಜೇನ್ಹುಳ ಸತ್ತದೇನು?"

"ತಲಿ ನೋವು ಆಯಿ."

"ಸುಳ್ಳು ಹೇಳಿದ್ರ ನಿನ್ನ ಮೂಗಿನ ತುದಿ ಕೆಂಪಾಗ್ತದ. ಕನ್ನಡ್ಯಾಗ ನೋಡ್ಕೋ. ಏನಾಗ್ಯದ?"

ಹೇಳಿದೆ. ಹೇಳುತ್ತ ಅಳು ಬಂತು. ಪರೀಕ್ಷೆ ಬಿಡುತ್ತೇನೆ, ಗಬ್ಬೂರಿಗೆ ಬರುತ್ತೇನೆ ಎಂದೆ. ಹಾಗೆ ಹೇಳುವಾಗ, ಬೇಡ ಎಂದು ಅವಳು ಹೇಳಲಿ ಎಂದೇ ಮನಸ್ಸು ಕಾಯುತ್ತಿತ್ತು. ಇವತ್ತು ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಆಯಿ ನನ್ನ ಎದುರಿಗೆ ಕೂತಳು. ಆಮೇಲೆ "ವೀಳ್ಯ ಎಲ್ಲದ? ತಾ ಇಲ್ಲಿ" ಎಂದಳು.

ಕರವಸ್ತ್ರದ ಸಮೇತ ಕೊಟ್ಟೆ. ತಿರುಗಿ ಕೊಡಲು ಹೋಗುತ್ತಾಳೆ ಎಂದುಕೊಂಡೆ. ಅವಳು ಗಂಟು ಬಿಚ್ಚಿ, ಎಲೆಯನ್ನು ಅಂಗೈಯಲ್ಲಿ ಮುರಿದು, ಅಡಿಕೆಯ ಸಮೇತ ಬಾಯಿಗೆ ಹಾಕಿಕೊಂಡಳು. ಗಂಡ ಸತ್ತಂದಿನಿಂದ ಲಗ್ನದ ಎಲೆಯನ್ನು ಅವಳು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಒಣಗಿದ ಎಲೆ ಕರ್ ಕರ್ ಎಂದಿತು. ಇದ್ದ ನಾಲ್ಕು ಹಲ್ಲಿನಲ್ಲಿ ಅಡಿಕೆ ಅಗಿಯಲಾಗದೆ ದವಡೆಗೆ ಒತ್ತಿಟ್ಟುಕೊಂಡಳು.

"ಈಗ ವೀಳ್ಯ ನನ್ನ ಹೊಟ್ಟ್ಯಾಗ ಅದ. ಗಬ್ಬೂರು ನನ್ನ ಪಾಲಿಂದು. ನೀ ಪರೀಕ್ಷಾಕ ಹೋಗು."

"ಮತ್ತ ಸೊಲ್ಲು ಯಾರು ಎತ್ತತಾರ ಆಯಿ?"

"ಮಾನವ್ಯಾಗ ನಮ್ಮ ಅಕ್ಕನ ಮೊಮ್ಮಗಳು ಇದ್ದಾಳ. ಆಕಿಗೆ ಹೇಳಿ ಕರಸ್ತೀನಿ."

ಎರಡು ವರ್ಷ ಎದುರು ಮನೆಯಲ್ಲಿದ್ದರೂ ಅಕ್ಕನ ಮೊಮ್ಮಗಳ ಮಾತನ್ನು ನಾನೊಮ್ಮೆಯೂ ಕೇಳಿರಲಿಲ್ಲ. ಆದರೂ ನಂಬಿದೆ. ನಂಬಿದರೆ ನನಗೆ ಲಾಭವಿತ್ತು. ಅವಳು ಹೋಗುತ್ತಿದ್ದ ಹಾಗೆ ಡಬರಿ ಎತ್ತಿ ತಂಬೂರಿ ಹಚ್ಚಿದೆ.

ಪರೀಕ್ಷೆಯ ಬೆಳಿಗ್ಗೆ ಆಯಿಯ ಮನೆಗೆ ಬೀಗ ಬಿದ್ದಿತ್ತು. ನಾಲ್ವರೂ ಬೆಳಕು ಹರಿಯುವ ಮೊದಲೇ ದೇವದುರ್ಗದ ಬಸ್ಸಿಗೆ ಹೋಗಿದ್ದರು. ನನ್ನ ಹೊಸ್ತಿಲ ಮೇಲೆ ಒಂದು ಚಿಂದಿಯಲ್ಲಿ ಬೆಲ್ಲ, ಮೆಣಸು ಕಟ್ಟಿಟ್ಟಿತ್ತು.

ಹಾಡುಗಾರಿಕೆ ಹೇಗೋ ಮುಗಿಯಿತು. ಸ್ವರಗಳ ಓಟದ ತಾನಿನಲ್ಲಿ ಒಂದೆರಡು ಕಡೆ ಜಾರಿದೆ, ಉಸಿರು ಸಾಲಲಿಲ್ಲ. ಪರ ಊರಿನಿಂದ ಬಂದಿದ್ದ ಪರೀಕ್ಷಕಿ ವಯಸ್ಸಾದವರು, ಮುಖದ ಮೇಲೆ ಏನೂ ತೋರಿಸದೆ ಬರೆದುಕೊಳ್ಳುತ್ತಿದ್ದರು. ಪಾಠದ ಪರೀಕ್ಷೆಗೆ ಹತ್ತಿರದ ಶಾಲೆಯಿಂದ ಹನ್ನೆರಡು ಮಕ್ಕಳನ್ನು ಕರೆತಂದು ಚಾಪೆಯ ಮೇಲೆ ಕೂಡಿಸಿದ್ದರು. ನನಗಿಂತ ಮೊದಲಿನ ಮೂವರೂ ಹಾರ್ಮೋನಿಯಂನ ನಾಲ್ಕನೆಯ ಕರಿ ಮನೆ ಒತ್ತಿ, ತಮ್ಮ ಗಂಟಲಿಗೆ ಒಗ್ಗುವಲ್ಲಿ ಹಾಡು ಹೇಳಿಕೊಟ್ಟರು. ಮಕ್ಕಳು ಕತ್ತು ಚಾಚಿ ಕಿರುಚಿದರು, ಕಡೆಕಡೆಗೆ ಬಾಯಿ ಮುಚ್ಚಿ ಕೂತರು. ನನ್ನ ಸರದಿ ಬಂದಾಗ ಬಾಗಿಲ ಬಳಿ ಕೂತ ಒಂದು ಹುಡುಗಿ ಕಂಡಳು. ಬೆಳಗಿನಿಂದ ಅವಳು ತುಟಿಯನ್ನೇ ಅಲ್ಲಾಡಿಸಿರಲಿಲ್ಲ. ಹಾರ್ಮೋನಿಯಂ ಬಿಟ್ಟು ಎದ್ದು ಅವಳ ಹತ್ತಿರ ಹೋದೆ.

"ನೀರು ಕುಡಿದೀಯೇನವಾ?"

"ಹೂಂ."

ಆ ಹೂಂ ಹಿಡಿದುಕೊಂಡು ಹಿಂದಕ್ಕೆ ಬಂದು, ಅದೇ ಮಟ್ಟದ ಮನೆ ಹುಡುಕಿ ಒತ್ತಿ ಸೊಲ್ಲು ಎತ್ತಿದೆ. ನನ್ನ ಗಂಟಲಿಗೆ ಬಹಳ ತಗ್ಗಾಯಿತು, ಪಾತಾಳದಿಂದ ಹಾಡಿದ ಹಾಗೆ ಕೇಳಿಸಿರಬೇಕು. ಎರಡನೆಯ ಸಲಕ್ಕೆ ಬಾಗಿಲ ಬಳಿಯ ಹುಡುಗಿ ಬಾಯಿ ತೆರೆದಳು. ಮೂರನೆಯ ಸಲಕ್ಕೆ ಹನ್ನೆರಡೂ ಮಕ್ಕಳು ಹಾಡುತ್ತಿದ್ದರು. ಪರೀಕ್ಷಕಿ ಬರೆಯುವುದನ್ನು ನಿಲ್ಲಿಸಿದರು.

ಪಾಠ ಮುಗಿದ ಮೇಲೆ ಹತ್ತಿರ ಕರೆದು, "ಶ್ರುತಿ ಇಳಿಸೋದಕ್ಕೆ ಮೊದಲು ಆ ಮಗುವನ್ನ ಮಾತಾಡಿಸಿದೆಯಲ್ಲ, ಇದನ್ನ ಯಾರು ಕಲಿಸಿದ್ದು?" ಎಂದು ಕೇಳಿದರು.

ಪಕ್ಕದಲ್ಲೇ ಗುರುಗಳು ಕೂತಿದ್ದರು. ನಾನು ಅವರ ಮುಖ ನೋಡಿದೆ. ಮಡ್ಡಿಪೇಟೆ, ಹಂದರ, ಅರಿಶಿಣದ ಕೈ, ಹೊರಗೆ ಹಾಕಿಸಿಕೊಂಡ ಆ ಹುಡುಗ ಎಲ್ಲ ಒಮ್ಮೆಗೇ ತಲೆಗೆ ಬಂತು.

"ನಮ್ಮ ಗುರುಗಳು ರೀ" ಎಂದೆ.

ಗುರುಗಳು ಹುಬ್ಬು ಗಂಟಿಕ್ಕಿದರು. ಅವರಿಗೆ ತಾವು ಕಲಿಸಿದ ನೆನಪಿರಲಿಲ್ಲ, ಕಲಿಸಿದ್ದರೆ ತಾನೆ. ಆಮೇಲೆ ಮೆಲ್ಲಗೆ ತಲೆಯಾಡಿಸಿದರು. ನಾನು ನಮಸ್ಕಾರ ಮಾಡಿ ಹೊರಗೆ ಬಂದೆ. ಮೂಗಿನ ತುದಿ ಬಿಸಿಯಾಗಿತ್ತು.

ಮರುದಿನ ಆಯಿ ಬಂದಳು. ಹೆಂಗಾಯ್ತು ಎಂದು ನಾನು ಕೇಳುವ ಮೊದಲು ಅವಳೇ ಕೇಳಿದಳು. ಚೆನ್ನಾಗಾಯಿತು ಎಂದೆ. "ಗಬ್ಬೂರಾಗ?" ಎಂದರೆ, "ಆತು, ಚೊಲೋ ಆತು" ಎಂದು ಕಾಲು ತೊಳೆಯಲು ಹೋದಳು. ಅಲ್ಲಿಗೆ ನಾನೂ ಬಿಟ್ಟೆ.

ಆ ಸಲದ ಲಗ್ನದ ತಿಂಗಳುಗಳು ಮುಗಿಯುತ್ತ ಬಂದರೂ ಆಯಿಯ ಬಾಗಿಲಿಗೆ ಒಂದು ವೀಳ್ಯ ಬರಲಿಲ್ಲ. ಗಿಲ್ಲೆಸುಗೂರಿನಿಂದ ಬಂದ ಒಂದು ಮನೆಯವರು ಓಣಿಯಲ್ಲಿ ಯಾರನ್ನೋ ಏನೋ ಕೇಳಿ ಹಾಗೇ ತಿರುಗಿ ಹೋದರು. ಆಯಿ ಕಟ್ಟೆಯ ಮೇಲೆ ಮಂಚ ಹಾಕಿ ಶಾವಿಗೆ ಒಣಗಿಸತೊಡಗಿದಳು. ಮಾರುವುದಕ್ಕೆ ಎಂದಳು. ಡಿಜೆ ಬಂದ ಮೇಲೆ ಯಾರಿಗೆ ಬೇಕು ನಮ್ಮ ಪದ ಎಂದಳು. ಅದನ್ನೂ ನಂಬುತ್ತಿದ್ದೆನೋ ಏನೋ. ಆದರೆ ಫಲಿತಾಂಶ ಬಂದ ದಿನ ಗಂಜ್ ಮಾರುಕಟ್ಟೆ ಹತ್ತಿರ ತಾಳದ ಚಿಗವ್ವ ಸಿಕ್ಕಳು. ಪಾಸಾದೆ ಎಂದು ಪೇಢೆ ಕೊಟ್ಟರೆ ಕೈಗೆ ತೆಗೆದುಕೊಳ್ಳಲಿಲ್ಲ.

"ಪಾಸಾಗ್ದೇ ಏನು. ಆಕಿನ ನುಂಗಿ ಪಾಸಾದಿ" ಎಂದಳು.

ಅಲ್ಲೇ ರಸ್ತೆಯ ಬದಿಗೆ ನಿಲ್ಲಿಸಿ ಎಲ್ಲ ಹೇಳಿಸಿದೆ. ಮಾನವಿಯಲ್ಲಿ ಅಕ್ಕನ ಮೊಮ್ಮಗಳು ಎಂಬವಳು ಯಾರೂ ಇರಲಿಲ್ಲ. ಗಬ್ಬೂರಿನ ಹಂದರದಲ್ಲಿ ಮದುಮಗಳನ್ನು ಮಣೆಯ ಮೇಲೆ ಕೂಡಿಸಿ, ಅರಿಶಿಣ ಕಲಸಿಟ್ಟುಕೊಂಡು ಎಲ್ಲರೂ ಕಾದರು. ಸೊಲ್ಲು ಎತ್ತುವ ಹುಡುಗಿ ಎಲ್ಲಿ ಎಂದರು. ದನಿಗೂಡಿಸುವ ಇಬ್ಬರೂ ಗಂಡ ಸತ್ತವರೇ. ಚಿಗವ್ವ ಮುತ್ತೈದೆ, ಆದರೆ ಅವಳ ಗಂಟಲಿಂದ ದನಿ ಹೊರಡುವುದಿಲ್ಲ, ಅದಕ್ಕೇ ಅವಳ ಕೈಗೆ ತಾಳ. ಅಲ್ಲಿದ್ದ ಎಳೆಯ ಸೊಸೆಯಂದಿರು ನಮಗೆ ಬರುವುದಿಲ್ಲ ಎಂದು ನಕ್ಕರು. ಆಯಿ ಬಾಗಿಲ ಬಳಿ ಕೂತವಳು ಕೂತಲ್ಲೇ ಕಿವಿ ಹಿಡಿದಳು. ಮೊದಲ ಸೊಲ್ಲು ತಾನೇ ಎತ್ತಿದಳು.

ಎರಡು ಸಾಲು ಹೋಗುವುದರೊಳಗೆ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬಳು ಎದ್ದು ಅರಿಶಿಣದ ಬಟ್ಟಲನ್ನು ಅಂಗಳಕ್ಕೆ ಚೆಲ್ಲಿದಳಂತೆ. "ರಂಡಮುಂಡಿ ಬಾಯಿಂದ ಸೋಬಾನ ಎತ್ತಸ್ತೀರೇನು" ಎಂದು ಕೂಗಾಡಿದಳಂತೆ. ಹೆಣ್ಣಿನವರು ಓಡಿ ಬಂದು ಏಳು, ಹೊರಗ ನಡಿ ಎಂದು ಆಯಿಯ ರಟ್ಟೆ ಹಿಡಿದರು. "ಆಕಿ ಏಳಲಿಲ್ಲ. ಕಣ್ಣು ಮುಚ್ಚಿ ಪದ ಪೂರಾ ಮುಗಿಸಿದ್ಲು. ಮಂದಿ ಬೈಯಾಕತ್ತಾರ, ಈಕಿ ಹಾಡಾಕತ್ತಾಳ. ಮುಗಿದ ಮ್ಯಾಲ ತಾನ ಎದ್ದು ಚಪ್ಲಿ ಹುಡುಕ್ಕೊಂಡು ಹೊಂಟ್ಲು" ಎಂದಳು ಚಿಗವ್ವ. ಬಸ್ ಸ್ಟ್ಯಾಂಡಿನವರೆಗೂ ನಾಲ್ವರೂ ಬಿಸಿಲಿನಲ್ಲಿ ನಡೆದರು. ಮುಂಗಡ ತಿರುಗಿ ಕೊಡಬೇಕೆಂದು ಆ ಮನೆಯವರು ಹೇಳಿ ಕಳಿಸಿದಾಗ ಆಯಿ ಮನೆಯ ತಾಮ್ರದ ಹಂಡೆ ಮಾರಿದಳು. ಆ ಹಂಡೆ ಕಾಣದಿದ್ದಾಗ ನಾನು ಕೇಳಿದ್ದೆ, ತೂತು ಬಿದ್ದಿತ್ತು ಎಂದಿದ್ದಳು.

ಪೇಢೆಯ ಪೊಟ್ಟಣ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಮಡ್ಡಿಪೇಟೆಗೆ ಓಡಿದೆ. ಆಯಿ ಶಾವಿಗೆ ತಿರುವಿ ಹಾಕುತ್ತಿದ್ದಳು. ಕಾಲು ಹಿಡಿದೆ, ಬಾಯಿಗೆ ಬಂದ ಹಾಗೆ ಅವಳನ್ನೇ ಬೈದೆ. ಯಾಕೆ ಸುಳ್ಳು ಹೇಳಿದೆ, ಯಾಕೆ ನನ್ನ ತಲೆಯ ಮೇಲೆ ಇದನ್ನು ಹೊರಿಸಿದೆ ಎಂದು ಅತ್ತೆ. ಪರೀಕ್ಷಕಿಗೆ ಹೇಳಿದ ಸುಳ್ಳನ್ನೂ ಹೇಳಿಬಿಟ್ಟೆ. ಆಯಿ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ನಿಂತಳು.

"ನಿನಗಾಗಿ ಮಾಡೀನಂತ ತಿಳ್ಕೋಬ್ಯಾಡ, ಹೊರೋದು ಕಷ್ಟ ಆಗ್ತದ. ಇಷ್ಟು ವರ್ಷ ಕದದ ಹಿಂದ ಹಾಡೀನಿ. ಒಮ್ಮಿಯಾದ್ರೂ ನಾನ ಎತ್ತಬೇಕಂತ ನನಗೂ ಇತ್ತು. ನೀ ಇದ್ದಿದ್ರ ಎ‍ಲ್ಲಿ ಆಗ್ತಿತ್ತು?"

"ಬೈದ್ರಲ್ಲ ಆಯಿ ನಿನಗ."

"ಬೈದ್ರು. ಎತ್ತಿದ ಪದ ನೆಲಕ್ಕ ಇಡಬಾರದು, ಅದಕ್ಕ ಮುಗಿಸಿ ಬಂದೀನಿ." ಶಾವಿಗೆಯ ಕಡೆ ತಿರುಗಿ, "ಚೊಲೋ ಹಾಡಿದ್ನೋ ಇಲ್ಲೋ ಅಂತ ಯಾರೂ ಹೇಳಲಿಲ್ಲ ನೋಡು. ಚೊಲೋ ಹಾಡೀನಿ" ಎಂದಳು.

ಮರುವರ್ಷ ದೇವದುರ್ಗದ ಒಂದು ವಸತಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಹಂಡೆ ತೆಗೆದುಕೊಂಡು ಆಯಿಯ ಮನೆಗೆ ಹೋದೆ. ಹಂಡೆಯನ್ನು ಬೆರಳಿನಿಂದ ಬಾರಿಸಿ ನಾದ ನೋಡಿದಳು, ಒಳಗಿಟ್ಟಳು. "ಬ್ಯಾರೆ ಏನಾರ ಬೇಕಾ ಆಯಿ?" ಎಂದೆ. ಸ್ವಲ್ಪ ಯೋಚನೆ ಮಾಡಿ, "ನಾ ಎತ್ತತೀನಿ, ನೀ ಹಿಂದ ಹಾಡು" ಎಂದಳು. ಅವಳ ಹೊಸ್ತಿಲ ಮೇಲೆ ಅವಳು ಕೂತಳು, ಕದದ ಹಿಂದೆ ನಾನು ಕೂತೆ. ಅಲ್ಲಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಕಿವಿ ಹಿಡಿದ ಮೊಣಕೈ ಕಾಣುತ್ತಿತ್ತು. ಅವಳು ಇಷ್ಟು ವರ್ಷ ಏನು ನೋಡಿಕೊಂಡು ಹಾಡಿದ್ದಳು ಎಂಬುದು ಆಗ ತಿಳಿಯಿತು. ಆಮೇಲೆ ಹೋದಾಗಲೆಲ್ಲ ಹಾಗೇ ಹಾಡಿದೆವು.

ಹೋದ ವರ್ಷ ಬೇಸಿಗೆಯಲ್ಲಿ ಚಿಗವ್ವ ಫೋನ್ ಮಾಡಿದಳು. ನಾನು ದೇವದುರ್ಗದಿಂದ ಬರುವಷ್ಟರಲ್ಲಿ ಆಯಿಯನ್ನು ಕಟ್ಟೆಯ ಮೇಲೆ ಕೂಡಿಸಿ ಹೂವು ಹಾಕಿದ್ದರು. ಎಡಗಿವಿಯ ಸೀಳು ಎರಡೂ ಬೇರೆ ಬೇರೆಯಾಗಿ ಜೋತುಬಿದ್ದಿದ್ದವು. ನೋಡಲಾಗಲಿಲ್ಲ. ಹತ್ತಿರ ಹೋಗಿ ಹೆಬ್ಬೆರಳು ತೋರುಬೆರಳಿನಲ್ಲಿ ಸೇರಿಸಿ ಹಿಡಿದುಕೊಂಡು ಕೂತೆ. ಎತ್ತಿಕೊಂಡು ಹೋಗುವವರು ಬಂದು ಕೈ ಬಿಡಿಸುವವರೆಗೂ ಹಿಡಿದಿದ್ದೆ.

ನಮ್ಮ ಸಂಗೀತದ ಕೋಣೆಯಲ್ಲಿ ಮೊದಲ ಸೊಲ್ಲನ್ನು ನಾನು ಎತ್ತುವುದಿಲ್ಲ. ದಿನಾ ಬಾಗಿಲ ಬಳಿ ಯಾರು ಕೂತಿರುತ್ತಾರೋ ಅವರೇ ಎತ್ತಬೇಕು, ಎಷ್ಟು ತಗ್ಗಾದರೂ ಸರಿ, ಬಾಕಿಯವರು ಅಲ್ಲಿಗೇ ಬರಬೇಕು. ಮೊದಮೊದಲು ಮಕ್ಕಳು ಬಾಗಿಲ ಹತ್ತಿರ ಕೂಡಲು ಹೆದರುತ್ತಿದ್ದರು, ಈಗ ಆ ಜಾಗಕ್ಕೆ ಜಗಳವಾಡುತ್ತಾರೆ. ಕಳೆದ ತಿಂಗಳು ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಇದನ್ನು ಕಂಡು, ಚೆನ್ನಾಗಿದೆ, ಎಲ್ಲಿ ಕಲಿತಿರಿ ಎಂದು ಕೇಳಿದರು. ಮಕ್ಕಳೆಲ್ಲ ನನ್ನ ಮುಖ ನೋಡುತ್ತಿದ್ದರು.

"ರಾಯಚೂರಿನ ಮಡ್ಡಿಪೇಟೆಯಲ್ಲಿ, ನಮ್ಮ ಆಯಿ ಹತ್ತಿರ" ಎಂದೆ.